ನೆಲದಡಿಯಿಂದ ಬಂದ ಮಾತು

ಕಳೆದ ವಾರ ನನ್ನ ಮಂಚದ ಒಂದು ಕಾಲು ನೆಲದೊಳಗೆ ಇಳಿದುಬಿಟ್ಟಿತು. ಮಂಚದ ಮೇಲೆ ನಾನಿದ್ದೆ!

(ನಗಬೇಡಿ. ನನ್ನ ತೂಕದ್ದೇನೂ ತಪ್ಪಿಲ್ಲ.)

ಕೊಡೈಕಾನಲ್‌ನಲ್ಲಿ ನಾನು ಬಾಡಿಗೆಗಿರುವುದು ಹಳೇ ಕಾಲದ ಮನೆ. ಕಲ್ಲಿನ ಅಡಿಪಾಯ, ಮೇಲೆ ಮರದ ಹಲಗೆಯ ನೆಲ. ಹಲಗೆಗೂ ಮಣ್ಣಿಗೂ ನಡುವೆ ಒಬ್ಬ ಮನುಷ್ಯ ತೆವಳುವಷ್ಟು ಜಾಗ. ಅಲ್ಲಿ ಗಾಳಿ ಆಡಲೆಂದು ಅಡಿಪಾಯದಲ್ಲಿ ತೂತುಗಳಿವೆ. ಹಿಂದೆ ಇದ್ದವರು ಚಳಿಗೆ ಹೆದರಿ ಅವಕ್ಕೆಲ್ಲ ಗೋಣಿಚೀಲ ತುರುಕಿದ್ದರಂತೆ. ಚಳಿ ಹೋಯಿತೋ ಇಲ್ಲವೋ, ತೇವ ಮಾತ್ರ ಅಲ್ಲೇ ಉಳಿಯಿತು. ಸೀರೆಗೆ ಬೂಷ್ಟು, ಪುಸ್ತಕಕ್ಕೆ ಬೂಷ್ಟು, ಮನೆಯೆಲ್ಲ ಮುಗ್ಗಲು ವಾಸನೆ. ಬೆಟ್ಟದ ಹವೆಯೇ ಹೀಗೆ ಅಂದುಕೊಂಡಿದ್ದೆ. ಒಬ್ಬಳೇ ಇರುವ ಮನೆಯಲ್ಲಿ 'ಏನಿದು ವಾಸನೆ?' ಅಂತ ಕೇಳುವವರಾದರೂ ಯಾರು?

ರಿಪೇರಿಗೆ ರಂಗಸಾಮಿ ಬಂದರು. ನಲ್ಲಿ, ಬಾಗಿಲು, ಛಾವಣಿ ಎಲ್ಲಕ್ಕೂ ವರ್ಷಗಳಿಂದ ಅವರೇ. ನಮ್ಮ ವ್ಯವಹಾರವೆಲ್ಲ ತಮಿಳಿನಲ್ಲಿ. ನಾನು 'ಮೇಡಂ'.

ಟಾರ್ಚ್ ಹಿಡಿದು ಕೆಳಗೆ ತೆವಳಿದರು. ಸ್ವಲ್ಪ ಹೊತ್ತಿಗೆ ನನ್ನ ಕಾಲಡಿಯಿಂದ ದನಿ ಕೇಳಿತು. ತಮಗೆ ತಾವೇ ಗೊಣಗುತ್ತಿದ್ದರು.

"ಅಯ್ಯೋ ಅವ್ವಾ, ಏನ್ ಈರ ಇದು, ಎಲ್ಲಾ ಒದ್ದೆ! ಯಾವ ಪುಣ್ಯಾತ್ಮ ತೂತು ಮುಚ್ಚವ್ನೆ?"

ನಮ್ಮ ಕನ್ನಡ! ತಮಿಳುನಾಡಿನ ಕಂಬಂ ಕಡೆಯ ನಮ್ಮ ಮನೆಗಳಲ್ಲಿ ಆಡುವ, ಅವ್ವ ಹೋದ ಮೇಲೆ ನಾನು ಯಾರ ಬಾಯಲ್ಲೂ ಕೇಳದ ಮಾತು. (ನಿಮಗೆ ಬರೆಯುವ ಈ ಕನ್ನಡ ಮೈಸೂರಿನಲ್ಲಿ ಓದುವಾಗ ಕಲಿತದ್ದು.) ನಾನು ನೆಲಕ್ಕೆ ಬಗ್ಗಿ ಹಲಗೆಯ ಸಂದಿಗೆ ಬಾಯಿಟ್ಟೆ.

"ಅಣ್ಣಾ, ನೀವು ನಮ್ಮೋರಾ?"

ಟಾರ್ಚ್ ಬೆಳಕು ಸಂದಿಯತ್ತ ತಿರುಗಿತು. "ಅಕ್ಕಾ! ನೀವೂನಾ?"

ಬೆಟ್ಟದ ಕೆಳಗಿನ ಬತ್ತಲಗುಂಡಿನವರಂತೆ. ಒಂದೊಂದೇ ಚೀಲ ಕಿತ್ತೆಳೆಯುತ್ತ ಮಾತಾಡಿದರು. ಈ ಕಡೆಯಿಂದ ಗಾಳಿ ನುಗ್ಗಿ ಆ ಕಡೆಯಿಂದ ಹೊರಡಬೇಕು, ಇಲ್ಲದಿದ್ದರೆ ತೊಲೆಯೂ ಕೊಳೆಯುತ್ತದೆ ಅಂದರು. ಸಿಂಕಿನ ಪೈಪು ಸೋರುವುದನ್ನೂ ಕಂಡುಹಿಡಿದರು. ನಡುನಡುವೆ ಅವರ ಅವ್ವನ ಮಾತು, ನನ್ನ ಅವ್ವನ ಮಾತು.

"ಮಕ್ಕಳಿಗೆ ಕೇಳಿದ್ರೆ ತಿಳೀತದೆ ಅಕ್ಕಾ, ಆಡಕ್ಕೆ ಬರಲ್ಲ. ಮನೇಲಿ ನಾ ಒಬ್ನೇ ಆಡ್ಬೇಕು. ಎಷ್ಟಂತ ಆಡ್ಲಿ?"

ನನ್ನ ಮನೆಯಲ್ಲಿ ಕೇಳಿಸಿಕೊಳ್ಳುವವರೂ ಇಲ್ಲ.

ಪೈಪು ಸರಿಯಾಯಿತು. ಒದ್ದೆ ಮಣ್ಣಿನ ಮೇಲೆ ಪ್ಲಾಸ್ಟಿಕ್ ಶೀಟ್ ಹಾಸಿ, ತೂತುಗಳಿಗೆ ಇಲಿ ನುಗ್ಗದಂತೆ ಜಾಲರಿ ಬಡಿದರು. ಕೊಳೆತ ಹಲಗೆಗಳೂ ಬದಲಾದವು. ಮನೆ ಒಣಗುತ್ತಿದೆ. ಕಾಲಿಗೆ ಚಳಿ ಹತ್ತುತ್ತದೆ, ಸಾಕ್ಸ್ ಹಾಕಿಕೊಂಡಿದ್ದೇನೆ.

ಆದರೆ ಅವತ್ತು ಕೆಳಗಿನಿಂದ ಹೊರಬಂದ ರಂಗಸಾಮಿ ಮೈಮೇಲಿನ ಜೇಡರಬಲೆ ಕೊಡವಿಕೊಂಡು, ನನ್ನ ಮುಖ ನೋಡದೆ, "ಮುಡಿಂಜಿಡುಚ್ಚು, ಮೇಡಂ" ಅಂದರು. ಮುಗಿಯಿತು ಅಂತ, ತಮಿಳಿನಲ್ಲಿ.

"ಸರಿ, ನಂಡ್ರಿ" ಅಂದೆ ನಾನು. ನಾನೂ ತಮಿಳಿನಲ್ಲೇ.

ನಡುವೆ ಹಲಗೆ ಇದ್ದಾಗ ಅಣ್ಣ-ಅಕ್ಕ ಆಗಿದ್ದವರಿಗೆ ಎದುರಾಬದುರು ನಿಂತ ತಕ್ಷಣ ಆ ಮಾತಾಡಲು ಯಾಕೆ ನಾಚಿಕೆಯಾಯಿತು?