ಏಳನೇ ತಿಂಗಳ ಗೆರೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಆಕೆ ಎಲೆಕ್ಟ್ರಿಕ್ ಗಿಟಾರಿನ ಮರದ ಒಡಲನ್ನು ಬೆಂಚಿಗೆ ಬಿಗಿದು ತಿಕ್ಕುತ್ತಿದ್ದಾರೆ. ಕಣ್ಣು ಮುಚ್ಚಿ ಹೆಬ್ಬೆರಳಿನಿಂದ ಅಂಚು ಸವರುತ್ತಾರೆ, ಮತ್ತೆ ತಿಕ್ಕುತ್ತಾರೆ. ಸ್ಯಾಂಡ್‌ಪೇಪರಿನ ಹಿಂದೆ ಮಡಿಸಿಟ್ಟ ಕಾಗದವೊಂದು ಇಣುಕುತ್ತಿದೆ. ಪತ್ರಿಕೆಗೆ ಬರೆಯಲೆಂದು ಬಂದ ನಾನು, ಅದೇನು ಎನ್ನುತ್ತೇನೆ.

"ಕಂಪನಿಯವರ ರಾಜಿಪತ್ರ. ಸಹಿ ಹಾಕಿ ಅಂತ ಕಳಿಸಿದ್ರು. ಕಾಗದ ಮಾತ್ರ ಒಳ್ಳೆ ಗಟ್ಟಿ ಮೇಡಂ!"

ಗಿಟಾರ್ ತಯಾರಿಸುವ ದೊಡ್ಡ ಕಂಪನಿಯೊಂದು ಈ ಒಡಲಿನ ಆಕಾರವನ್ನು ಆರು ವರ್ಷಗಳ ಹಿಂದೆ ತನ್ನ ಟ್ರೇಡ್‌ಮಾರ್ಕ್ ಎಂದು ನೋಂದಾಯಿಸಿಕೊಂಡಿದೆ. ಕೆಳಬದಿಯ ಬಾಗು ಕಂಡರೆ ಸಾಕು, ಇದು ಕಂಪನಿಯದೇ ಗಿಟಾರೆಂದು ಗಿರಾಕಿಗಳು ಮೋಸಹೋಗುತ್ತಾರೆ ಎಂದು ಅದು ಈಕೆಯ ಮೇಲೆ ಕೇಸು ಹಾಕಿದೆ. ಸಹಿ ಹಾಕಿದರೆ ಕೇಸು ವಾಪಸ್; ಆದರೆ ಒಡಲಿನ ಆಕಾರ ಗುರುತು ಹಾಕಿಕೊಳ್ಳುವ ಅಚ್ಚನ್ನು ಅವರ ಕಣ್ಣೆದುರೇ ಗರಗಸದಲ್ಲಿ ತುಂಡು ಮಾಡಬೇಕು. ಇಂಥದೇ ನೋಟಿಸ್ ಬಂದ ಬೇರೆ ಮೂವರು ಗಿಟಾರ್ ತಯಾರಕರು ಹಾಗೇ ಮಾಡಿದ್ದಾರೆ. ಈಕೆ ಒಪ್ಪಿಲ್ಲ.

"ಮೋಸ ಮಾಡೋರು ಹೆಸರು ಕದೀತಾರೆ. ನನ್ನ ಗಿಟಾರಿನ ತಲೆ ಮೇಲೆ ಯಾವ ಹೆಸರೂ ಇಲ್ಲ, ನನ್ನದೂ ಇಲ್ಲ."

ಅಚ್ಚು ಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆ. ಪ್ಲೈವುಡ್ಡಿನ ಹಲಗೆ, ಅದರ ಮೇಲೆ ಒಂದರ ಪಕ್ಕ ಒಂದು ಮೂರು ಪೆನ್ಸಿಲ್ ಗೆರೆ: ಐದು, ಆರು, ಏಳು. ಪ್ರತಿಯೊಂದರ ಪಕ್ಕ ತಾರೀಕು. ಹತ್ತೊಂಬತ್ತು ವರ್ಷಗಳ ಹಿಂದೆ ಆಕೆ ಬಸುರಿ. ಮಾಡಿದ ಗಿಟಾರನ್ನು ತಾವೇ ನುಡಿಸಿ ನೋಡಬೇಕು. ಹೊಟ್ಟೆ ಬೆಳೆದಂತೆ ಗಿಟಾರು ಪಕ್ಕಕ್ಕೆ ಸರಿಯಿತು. ತೊಡೆಯ ಮೇಲೆ ಕೂರುವ ಬಾಗನ್ನೂ ಆಕೆ ತಿಂಗಳು ತಿಂಗಳೂ ಅಷ್ಟಷ್ಟೇ ಸರಿಸಿದರು. ಏಳನೇ ತಿಂಗಳ ಗೆರೆಗೆ ಗರಗಸ ಇಟ್ಟರು. "ಎಂಟರಲ್ಲಿ ಬೆಂಚೇ ಎಟುಕಲಿಲ್ಲ," ಎಂದು ನಗುತ್ತಾರೆ. ಆಮೇಲೆ ನೋಡಿದರೆ ಯಾರ ತೊಡೆಗಾದರೂ ಅದು ಹಾಯಾಗಿ ಕೂರುತ್ತಿತ್ತು. ಅಂದಿನಿಂದ ವಾರಕ್ಕೆ ಎರಡು ಒಡಲು, ಇದೇ ಗೆರೆ.

ಗಂಡ ಗಿಟಾರಿನ ದನಿ ಹಿಡಿಯುವ ಕಾಯಿಲ್‌ಗೆ ತಂತಿ ಸುತ್ತುತ್ತಾರೆ. "ನಾನು ಹೆದರಿ, ಸಹಿ ಹಾಕಿಬಿಡೇ ಅಂದೆ. ಮೂರು ದಿನ ಮನೇಲಿ ಗರಗಸ ಒಂದೇ ಮಾತಾಡಿದ್ದು."

ಒಳಗಿನಿಂದ ಅತ್ತೆಯ ದನಿ: "ಬಾಗು ಅವರದ್ದಂತೆ! ಒಂಬತ್ತು ತಿಂಗಳು ಹೊತ್ತಿದ್ದು ಕಂಪನಿನಾ?"

ಕಂಪನಿಗಿಂತ ಮೊದಲೇ ಈ ಬಾಗು ತಮ್ಮಲ್ಲಿತ್ತು ಎನ್ನಲು ಆಕೆಗಿದ್ದ ಸಾಕ್ಷಿ ಹಲಗೆಯ ಮೇಲಿನ ತಾರೀಕುಗಳೇ. ಪೆನ್ಸಿಲ್ ತಾರೀಕನ್ನು ನಿನ್ನೆಯೂ ಬರೆದಿರಬಹುದು ಎಂದರು ಎದುರು ವಕೀಲರು. ಆಕೆ ಮನೆಯೆಲ್ಲ ಜಾಲಾಡಿ ಬಸುರಿನ ತಪಾಸಣೆಯ ಚೀಟಿ ಹುಡುಕಿದರು. ಯಾವ ತಾರೀಕಿಗೆ ಎಷ್ಟು ತಿಂಗಳು ಎಂದು ಡಾಕ್ಟರು ಬರೆದದ್ದಕ್ಕೂ ಹಲಗೆಯ ಗೆರೆಗಳಿಗೂ ತಾಳೆಯಾಗುತ್ತದೆ. ಅದನ್ನು ಫೈಲಿಗೆ ಸೇರಿಸಲು ಆಕೆಯ ವಕೀಲರೇ ಹಿಂದೆ ಮುಂದೆ ನೋಡಿದರಂತೆ: "ಕೋರ್ಟಿನಲ್ಲಿ ಇದೆಲ್ಲ ತೋರಿಸೋಕೆ ಸಂಕೋಚ ಆಗಲ್ವಾ?"

"ಸಂಕೋಚ ಪಡೋಕೆ ನಾನೇನು ಕದ್ದಿದ್ದೀನಾ ಸಾರ್?"

ಎಷ್ಟು ಹೆಂಗಸರು ಇಂಥ ಚೀಟಿಗಳನ್ನು ಸೀರೆಯ ಮಡಿಕೆಯಲ್ಲಿ ಅಡಗಿಸಿಟ್ಟು ಮರೆತಿದ್ದೇವೋ! ಈಕೆಯದಕ್ಕೆ ಈಗ ಕೋರ್ಟಿನ ಮೊಹರು ಬಿದ್ದಿದೆ.

ಸೋಮವಾರ ವಿಚಾರಣೆ. ಏನು ಆಸೆ ಎಂದು ಕೇಳುತ್ತೇನೆ. ಆಕೆ ಮರದ ಪುಡಿ ಊದುತ್ತಾರೆ.

"ಕಂಪನಿಯಲ್ಲಿ ಈ ಆಕಾರ ಬರೆದೋರು ಯಾರಿದ್ದಾರೋ ಅವರು ಕೋರ್ಟಿಗೆ ಬರಲಿ. ಇಲ್ಲೇ ಯಾಕೆ ಬಾಗಿಸಿದ್ರಿ ಅಂತ ಒಂದೇ ಮಾತು ಕೇಳ್ತೀನಿ. ಅವರೂ ನನ್ನ ಕೇಳಲಿ."

ಹೊಸ್ತಿಲಲ್ಲಿ ಹತ್ತೊಂಬತ್ತರ ಮಗಳು ಹೊಸ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ತಂತಿ ಮೀಟಿ ನೋಡುತ್ತಿದ್ದಾಳೆ. ತಾಯಿ ಅತ್ತ ಗದ್ದ ಎತ್ತುತ್ತಾರೆ.

"ನನ್ನ ಉತ್ತರ ಅಲ್ಲಿ ಕೂತಿದೆ ನೋಡಿ."