ಇಳಿಜಾರಿನಲ್ಲಿ ಟಂಟಂ ಓಡಿಸಿದವನು

ಗೆಳತಿಯರೇ, ಇವತ್ತು ತಿಂಥಣಿ ಮೌನೇಶ್ವರನ ದರ್ಶನಕ್ಕೆಂದು ಸುರಪುರದಲ್ಲಿ ಟಂಟಂ ಆಟೋ ಹತ್ತಿದರೆ, ಡ್ರೈವರ್ ಬಸಣ್ಣ ಐದು ರೂಪಾಯಿ ಹೆಚ್ಚು ಕೇಳಿದ.

"ಡೀಸೆಲ್ ಮತ್ತ ಏರೇದ್ರಿ ಅಕ್ಕಾರ, ನಾ ಏನ್ ಮಾಡ್ಲಿ?"

ಗುಡ್ಡದ ಇಳಿಜಾರು ಬಂದದ್ದೇ ತಡ, ಇಂಜಿನ್ ಬಂದ್ ಮಾಡಿಬಿಟ್ಟ.

"ಅಯ್ಯ, ಈಗ ಗಾಡಿ ಯಾರು ಓಡಸಾಕತ್ತಾರೋ?" ಎಂದೆ.

"ನಿಮ್ಮ ಮೌನೇಶ್ವರ ಓಡಸಾಕತ್ತಾನ್ರಿ. ಅವಗ ಡೀಸೆಲ್ ಬೇಕಾಗಂಗಿಲ್ಲ."

ಅಷ್ಟೊಂದು ಮಂದಿ ತುಂಬಿದ್ದ ಗಾಡಿ ಸದ್ದಿಲ್ಲದೆ ಉರುಳಿತು. ಎಷ್ಟೋ ವರ್ಷ ಓಡಾಡಿದ ದಾರಿ. ಅಲ್ಲಿ ಇಷ್ಟು ಹಕ್ಕಿಗಳು ಕೂಗುತ್ತವೆಂದು ನನಗೆ ಗೊತ್ತೇ ಇರಲಿಲ್ಲ. ಭತ್ತದ ಗದ್ದೆಯ ಗಾಳಿ ನೇರ ಮುಖಕ್ಕೆ ಬಂತು. ಸೀಟಿಗಾಗಿ ಜಗಳಾಡುತ್ತಿದ್ದ ಹೆಂಗಸರೂ ಸುಮ್ಮನಾದರು. ನನ್ನ ಕೈ ತಾನಾಗಿಯೇ ಮುಗಿದಿತ್ತು.

ಇಳಿದವಳೇ ಹಳೆಯ ದರ ಕೊಟ್ಟೆ. "ಮ್ಯಾಲಿನ ಐದು ರೂಪಾಯಿ ಹುಂಡಿಗಿ ಹಾಕ್ತೀನಿ. ಓಡಿಸಿದಾವ ಅವನ ಅಲ್ಲೇನು?"

ಬಸಣ್ಣ ನಕ್ಕ. "ಹಾಕ್ರಿ ಅಕ್ಕಾರ. ಆದ್ರ ಹೊಳ್ಳಿ ಹೋಗುವಾಗ ಏರು ಅದ. ಅವನ್ನೂ ಕರಕೊಂಡ ಬರ್ರಿ."

ಈಗ ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದೇನೆ. ದೇವರನ್ನು ಜೊತೆಗೆ ಬಾ ಎಂದು ಕರೆಯಲು ಅಂಜಿಕೆ. ಬಂದೇಬಿಟ್ಟರೆ ಎಲ್ಲಿ ಕೂರಿಸುವುದು? ಟಂಟಂ ತುಂಬಿರುತ್ತದೆ.