ಶ್ರಾವಣದಲ್ಲಿ ಫ್ರಾನ್ಸಿಸನ ಪುರಾಣ

ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ ಗ್ರಂಥಾಲಯ ನೋಡಿಕೊಳ್ಳುವ ಹುಲಿಗೆವ್ವ ಕ್ರೈಸ್ತಳಾಗಿದ್ದಾಳೆಂದು ನಾನು ಬಹಳ ದಿನ ನಂಬಿದ್ದೆ. ಅಸಿಸಿಯ ಸಂತ ಫ್ರಾನ್ಸಿಸನ ಚರಿತ್ರೆ ಸದಾ ಅವಳ ಕಂಕುಳಲ್ಲಿರುತ್ತಿತ್ತು. ಆಮೇಲೆ ತಿಳಿಯಿತು: ಅವನ ಕಥೆಯದೇ ಚಿತ್ರಗಳಿದ್ದ ಸಣ್ಣ ಪುಸ್ತಕವನ್ನು ಮಧ್ಯಾಹ್ನ ಮಕ್ಕಳಿಗೂ, ದಪ್ಪ ಪುಸ್ತಕವನ್ನು ಶ್ರಾವಣದ ಸಂಜೆ ಹನುಮಪ್ಪನ ಗುಡಿಕಟ್ಟೆಯಲ್ಲಿ ದೊಡ್ಡವರಿಗೂ ಓದುತ್ತಿದ್ದಳು. ದೀಪ ಹಚ್ಚಿ, ಪುರಾಣ ಓದಿದ ಹಾಗೆಯೇ.

ಹೋದ ಶ್ರಾವಣದಲ್ಲಿ ಪಂಚಾಯ್ತಿ ಸದಸ್ಯ ಯಂಕೋಬಣ್ಣನವರು, ಊರಿನ ಧರ್ಮವೆಲ್ಲ ತಮ್ಮ ಹೆಗಲ ಮೇಲೇ ನಿಂತಂತೆ ನಡೆದು ಬಂದು, ದಪ್ಪ ಪುಸ್ತಕವನ್ನು ಕಸಿದುಕೊಂಡು ಹೋಗಿ ಕಚೇರಿಯ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಅಂಗಡಿಯ ಬಟ್ಟೆ ಮಾರಿ ಹಣವನ್ನು ಪಾಳು ಚರ್ಚಿಗೆ ಕೊಟ್ಟ ಮಗ ಫ್ರಾನ್ಸಿಸನನ್ನು ಅಪ್ಪ ಕೋಣೆಯಲ್ಲಿ ಕೂಡಿಹಾಕಿದಲ್ಲಿಗೆ ಕಥೆ ನಿಂತಿತ್ತು.

ಮರುದಿನ ಹುಲಿಗೆವ್ವ ಕಚೇರಿಗೆ ನುಗ್ಗಿದಳು.

"ಹಿಡಿದ ಪುರಾಣ ಮಂಗಲ ಆಗದ ಬಿಡಬಾರದ್ರಿ, ಊರಿಗೆ ಕೇಡು. ಅವನ್ನ ಅವರಪ್ಪ ಕೂಡಿಹಾಕ್ಯಾನ, ಈಗ ನೀವೂ ಕೂಡಿಹಾಕೀರಿ. ಅಪ್ಪನ ಸಿಟ್ಟಿಗರ ಅರ್ಥ ಐತಿ, ಅವನ ಅಂಗಡಿ ಅರಿವಿ ಹೋಗ್ಯಾವ. ನಿಮ್ಮದೇನ ಹೋಗೇತ್ರಿ?"

"ಗುಡಿಕಟ್ಟಿ ಮ್ಯಾಲ ಚರ್ಚಿನ ಪುಸ್ತಕ ಯಾಕಂತ ವಿಚಾರಣಿ ಆಗ್ಬೇಕವ್ವಾ," ಎಂದರು ಯಂಕೋಬಣ್ಣ.

"ಓದಿ ವಿಚಾರಣಿ ಮಾಡ್ರಿ. ಒಂದ್ ಹಾಳಿ ತಿರುವಿ ನೋಡೀರೇನು?"

ನೋಡಿರಲಿಲ್ಲ. ಅಷ್ಟರಲ್ಲಿ ಕಟ್ಟೆಯ ಕೇಳುಗರೆಲ್ಲ ಬಂದು ಬಾಗಿಲು ತುಂಬಿ ನಿಂತಿದ್ದರು. ಯಂಕೋಬಣ್ಣ ಗಂಟಲು ಸರಿಮಾಡಿಕೊಂಡರು.

"ಅಲ್ಲವ್ವಾ, ಆ ಸಂತ ಸತ್ತು ಎಂಟುನೂರು ವರ್ಷ ಆತಂತ. ಈಗೇನು ಅಷ್ಟು ಅವಸರ?"

"ಕೇಳೋರು ಇನ್ನೂ ಬದುಕ್ಯಾರ್ರಿ. ಕೀಲಿ ತಗೀರಿ."